ತಾಂಬರಂನಲ್ಲಿ ಪದವಿ ಓದುವವರಿಗೆ

ಮದರಾಸು ವಿಶ್ವವಿದ್ಯಾಲಯದ ಅಂಕಪಟ್ಟಿಯಲ್ಲಿ ‘ಡಿ ಪ್ಲಸ್’ ಎಂದು ಕಂಡರೆ ಗಾಬರಿಯಾಗಬೇಕಿಲ್ಲ. ಅದು 80ರಿಂದ 89ರವರೆಗಿನ ಅಂಕ. ಬರಿಯ ‘ಡಿ’ ಎಂದರೂ ಡಿಸ್ಟಿಂಕ್ಷನ್ನೇ, 75ರಿಂದ 79. ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ‘ಎ’ ಅಲ್ಲಿ 60ರಿಂದ 69 ಅಷ್ಟೇ. ‘ಯು’ ಎಂದಿದ್ದರೆ ಮಾತ್ರ ಆ ಪತ್ರಿಕೆಯನ್ನು ಮತ್ತೆ ಬರೆಯಬೇಕು. ಕೋಲಾರದಲ್ಲೋ ಪುತ್ತೂರಿನಲ್ಲೋ ಕುಳಿತು ಮಗಳ ಫಲಿತಾಂಶವನ್ನು ಮೊಬೈಲಿನಲ್ಲಿ ನೋಡುವ ತಂದೆತಾಯಿಗೆ ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ.

ಪಕ್ಕದ ರಾಜ್ಯದ ವಿಶ್ವವಿದ್ಯಾಲಯವೆಂದರೆ ಹೀಗೆಯೇ. ಭೂಗೋಳ ಹತ್ತಿರ, ನಿಯಮ ದೂರ. ಕರ್ನಾಟಕದಿಂದ, ಕಾಸರಗೋಡಿನಿಂದ, ಹೊಸೂರು–ತಾಳವಾಡಿಯ ಕಡೆಯಿಂದ ಚೆನ್ನೈಗೆ ಓದಲು ಹೋಗುವ ಮಕ್ಕಳಿಗೆ ಅರ್ಥಶಾಸ್ತ್ರವೋ ರಸಾಯನಶಾಸ್ತ್ರವೋ ಹೆದರಿಕೆ ಹುಟ್ಟಿಸುವುದಿಲ್ಲ. ಅದಕ್ಕೆ ತಯಾರಾಗಿಯೇ ಹೋಗಿರುತ್ತಾರೆ. ಎಡವುವುದು ಯಾರೂ ಲೆಕ್ಕಕ್ಕೆ ಹಿಡಿಯದ ಸಣ್ಣ ಪತ್ರಿಕೆಗಳಲ್ಲಿ, ಹಾಜರಾತಿಯಲ್ಲಿ, ಸಮಯಕ್ಕೆ ತರಿಸಿಕೊಳ್ಳದ ಒಂದು ಪ್ರಮಾಣಪತ್ರದಲ್ಲಿ. ಈ ಬರಹ ಅಂಥ ವಿಷಯಗಳ ಬಗ್ಗೆ. ಉದಾಹರಣೆಗೆ ತಾಂಬರಂ ಅನ್ನು ಹಿಡಿಯುತ್ತೇನೆ. ಚೆನ್ನೈನ ದಕ್ಷಿಣ ಅಂಚಿನ ಈ ಊರಿನಲ್ಲಿ ಮದರಾಸು ಕ್ರಿಶ್ಚಿಯನ್ ಕಾಲೇಜು ಇದೆ. ಹೊರ ರಾಜ್ಯದ ಮಕ್ಕಳನ್ನು ತಲೆಮಾರುಗಳಿಂದ ಕಂಡ ಕಾಲೇಜು ಅದು.

ಮೊದಲು ತಿಳಿಯಬೇಕಾದದ್ದು ಇದು ಎರಡು ಅಂತಸ್ತಿನ ವ್ಯವಸ್ಥೆ ಎಂಬುದು. ಪದವಿ ಕೊಡುವುದು ವಿಶ್ವವಿದ್ಯಾಲಯ, ಪಾಠ ಮಾಡುವುದು ಕಾಲೇಜು. 1857ರಲ್ಲಿ ಕಲ್ಕತ್ತಾ, ಬೊಂಬಾಯಿ ವಿಶ್ವವಿದ್ಯಾಲಯಗಳ ಜೊತೆಗೇ ಮದರಾಸು ವಿಶ್ವವಿದ್ಯಾಲಯವೂ ಹುಟ್ಟಿತು. ಮೂರಕ್ಕೂ ಮಾದರಿ ಲಂಡನ್ ವಿಶ್ವವಿದ್ಯಾಲಯ. ಸಂಯೋಜಿತ ಕಾಲೇಜುಗಳು ಕಲಿಸಬೇಕು, ವಿಶ್ವವಿದ್ಯಾಲಯ ಪರೀಕ್ಷೆ ಮಾಡಿ ಪದವಿ ನೀಡಬೇಕು ಎಂಬುದು ಆಗಿನ ಏರ್ಪಾಡು. ತಾನೇ ಪಾಠ ಮಾಡುವ ವಿಭಾಗಗಳನ್ನು ವಿಶ್ವವಿದ್ಯಾಲಯ ತೆರೆದದ್ದು ಇಪ್ಪತ್ತನೆಯ ಶತಮಾನ ಬಂದ ಮೇಲೆ. ಈ ಪರೀಕ್ಷೆಯ ನೆರಳು ನಮ್ಮ ನಾಡಿನ ಮೇಲೂ ಬಹಳ ಕಾಲ ಇತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೂ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳ ವಿದ್ಯಾರ್ಥಿಗಳು ಪಡೆಯುತ್ತಿದ್ದದ್ದು ಮದರಾಸಿನ ಪದವಿಯನ್ನೇ. ಕಾಸರಗೋಡೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೂ ಮದರಾಸಿಗೆ ಸೇರಿತ್ತು. ಮಂಜೇಶ್ವರದ ಗೋವಿಂದ ಪೈಗಳು ಕಾಲೇಜು ಓದಲು ಹೋದದ್ದು ಮದರಾಸಿಗೇ. ತಂದೆ ತೀರಿಕೊಂಡದ್ದರಿಂದ ಪದವಿ ಮುಗಿಸಲಾಗದೆ ಹಿಂದಿರುಗಿದರು. ಮದರಾಸಿಗೆ ಹೋಗಿ ಓದುವುದು ಕನ್ನಡಿಗರಿಗೆ ಹೊಸದೇನಲ್ಲ.

ಕ್ರಿಶ್ಚಿಯನ್ ಕಾಲೇಜಿನ ಬೇರು ಇನ್ನೂ ಹಳೆಯದು. 1837ರಲ್ಲಿ ಸ್ಕಾಟ್ಲೆಂಡಿನ ಮಿಷನರಿ ಜಾನ್ ಆಂಡರ್ಸನ್ ತೆರೆದ ಶಾಲೆಯಿಂದ ಬೆಳೆದು ಬಂದದ್ದು. ಹೈಕೋರ್ಟಿನ ಎದುರು, ಜಾರ್ಜ್ ಟೌನಿನ ಗದ್ದಲದಲ್ಲಿದ್ದ ಕಾಲೇಜು ಸರಿಯಾಗಿ ನೂರು ವರ್ಷಕ್ಕೆ, 1937ರಲ್ಲಿ, ತಾಂಬರಂಗೆ ಬಂತು. ಸರ್ವಪಲ್ಲಿ ರಾಧಾಕೃಷ್ಣನ್ ಓದಿದ್ದು ಹಳೆಯ ಜಾಗದಲ್ಲಿ. ಅಲ್ಲಿ ತತ್ತ್ವಶಾಸ್ತ್ರ ಕಲಿತು, 1918ರಲ್ಲಿ ಮೈಸೂರಿಗೆ ಬಂದು ನಮ್ಮವರಿಗೆ ಪಾಠ ಹೇಳಿದರು. ಇಂದಿನ ಆವರಣ 360ಕ್ಕೂ ಹೆಚ್ಚು ಎಕರೆಯದು. ಬಹುಭಾಗ ಕುರುಚಲು ಕಾಡು, ಅದರೊಳಗೆ ಜಿಂಕೆಗಳು. ರಸಾಯನಶಾಸ್ತ್ರದ ಅಧ್ಯಾಪಕ ಎಡ್ವರ್ಡ್ ಬಾರ್ನ್ಸ್ ಮತ್ತು ಅವರ ಪತ್ನಿ ಆಲಿಸ್ ನೆಟ್ಟು ಕಾಪಾಡಿದ ಮರಗಳು ಇಂದಿಗೂ ಅಲ್ಲಿ ನೆರಳು ಕೊಡುತ್ತಿವೆ.

1978ರಲ್ಲಿ ಈ ಕಾಲೇಜಿಗೆ ಸ್ವಾಯತ್ತತೆ ಬಂತು. ಪಠ್ಯಕ್ರಮ ರೂಪಿಸುವುದು, ಪ್ರಶ್ನೆಪತ್ರಿಕೆ ಮಾಡುವುದು, ಪರೀಕ್ಷೆ ನಡೆಸಿ ಫಲಿತಾಂಶ ಕೊಡುವುದು ಕಾಲೇಜಿನ ಕೆಲಸ. ಕೊನೆಯ ಪದವಿ ಪತ್ರದ ಮೇಲಿರುವುದು ಮಾತ್ರ ಮದರಾಸು ವಿಶ್ವವಿದ್ಯಾಲಯದ ಹೆಸರು. ಸ್ವಾಯತ್ತವಲ್ಲದ ಕಾಲೇಜುಗಳಲ್ಲಿ ಪಠ್ಯವೂ ಪರೀಕ್ಷೆಯೂ ವಿಶ್ವವಿದ್ಯಾಲಯದ್ದೇ. ಒಂದೇ ವಿಶ್ವವಿದ್ಯಾಲಯದ ಪದವಿ ಎಂಬ ನಂಬಿಕೆಯಲ್ಲಿ ಪಕ್ಕದ ಕಾಲೇಜಿನ ಗೆಳತಿಯ ನೋಟ್ಸ್ ತಂದು ಓದಿದರೆ ಪ್ರಯೋಜನವಾಗದಿರುವುದು ಇದಕ್ಕೇ. ಅಕ್ಷರ ಶ್ರೇಣಿಯಲ್ಲೂ ಸ್ವಾಯತ್ತ ಕಾಲೇಜುಗಳು ಬೇರೆ ಬಗೆ ಇಟ್ಟುಕೊಂಡಿರಬಹುದು. ಅದಕ್ಕೇ ಕಾಲೇಜಿನ ಕೈಪಿಡಿ ಕೈಗೆ ಬಂದ ದಿನವೇ ಪರೀಕ್ಷಾ ನಿಯಮಗಳ ಪುಟಗಳನ್ನು ಓದಬೇಕು. ಬಹುತೇಕ ಮಕ್ಕಳು ಅದನ್ನು ತೆರೆಯುವುದು ಏನಾದರೂ ತಪ್ಪಿದ ಮೇಲೆ.

ಪ್ರವೇಶಕ್ಕೆ ಬರೋಣ. ಕಲೆ, ವಿಜ್ಞಾನ, ವಾಣಿಜ್ಯದ ಪದವಿಗೆ ತಮಿಳುನಾಡಿನ ಕಾಲೇಜುಗಳು ನೋಡುವುದು ಹನ್ನೆರಡನೆಯ ತರಗತಿಯ ಅಂಕಗಳನ್ನು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗಿರುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇಲ್ಲಿಲ್ಲ. ಕ್ರಿಶ್ಚಿಯನ್ ಕಾಲೇಜಿನಂಥ ಅನುದಾನಿತ ಕಾಲೇಜಿಗೆ ನೇರವಾಗಿ ಆ ಕಾಲೇಜಿಗೇ ಅರ್ಜಿ ಹಾಕಬೇಕು. ಅಲ್ಲಿ ಒಂದೇ ಕೋರ್ಸು ಎರಡು ಬಗೆಯಲ್ಲಿ ಇರಬಹುದು: ಅಧ್ಯಾಪಕರ ಸಂಬಳವನ್ನು ಸರ್ಕಾರ ಕೊಡುವ ಏಡೆಡ್, ಕಾಲೇಜೇ ನಡೆಸುವ ಸೆಲ್ಫ್ ಫೈನಾನ್ಸ್. ಪದವಿಯಲ್ಲಿ ವ್ಯತ್ಯಾಸವಿಲ್ಲ, ಶುಲ್ಕದಲ್ಲಿ ಬಹಳ ವ್ಯತ್ಯಾಸವಿದೆ. ಅರ್ಜಿಯಲ್ಲಿ ಯಾವುದಕ್ಕೆ ಗುರುತು ಹಾಕುತ್ತಿದ್ದೇವೆ ಎಂಬುದನ್ನು ಎರಡು ಸಲ ನೋಡಿ.

ಮೀಸಲಾತಿಯ ವಿಷಯ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಇದರಲ್ಲಿ ಆಸೆಯಿಟ್ಟು ಬಂದವರಿಗೆ ನಿರಾಸೆ ಕಾದಿರುತ್ತದೆ. ತಮಿಳುನಾಡಿನಲ್ಲಿ 1994ರ ಕಾಯಿದೆಯ ಪ್ರಕಾರ ಶೇ. 69 ಮೀಸಲಾತಿಯಿದೆ. ಆದರೆ ಅದು ಆ ರಾಜ್ಯದವರಿಗೆ. ಕರ್ನಾಟಕದ ಜಾತಿ ಪ್ರಮಾಣಪತ್ರ ಎಷ್ಟೇ ಸರಿಯಾಗಿದ್ದರೂ ಹೊರ ರಾಜ್ಯದ ಅಭ್ಯರ್ಥಿಯನ್ನು ಸಾಮಾನ್ಯ ವರ್ಗ, ಅಲ್ಲಿನ ಮಾತಿನಲ್ಲಿ ‘ಓಸಿ’, ಎಂದೇ ಎಣಿಸುತ್ತಾರೆ. ಹೊಸೂರು, ತಾಳವಾಡಿ, ನೀಲಗಿರಿಯ ಕನ್ನಡಿಗರ ಸ್ಥಿತಿ ಬೇರೆ. ಅವರು ತಮಿಳುನಾಡಿನವರೇ, ಅಲ್ಲಿನ ಕಂದಾಯ ಇಲಾಖೆ ಕೊಟ್ಟ ಸಮುದಾಯ ಪ್ರಮಾಣಪತ್ರ ಇದ್ದರೆ ಪೂರ್ಣ ಹಕ್ಕುದಾರರು. ಆರರಿಂದ ಹನ್ನೆರಡನೆಯ ತರಗತಿಯವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರುವ ಹೆಣ್ಣುಮಕ್ಕಳಿಗೆ 2022ರಲ್ಲಿ ಆರಂಭವಾದ ‘ಪುದುಮೈ ಪೆಣ್’ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. ಗಂಡುಮಕ್ಕಳಿಗೆ ಅಂಥದ್ದೇ ‘ತಮಿಳ್ ಪುದಲ್ವನ್’ 2024ರಲ್ಲಿ ಬಂತು. ಗಡಿಯ ಸರ್ಕಾರಿ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳು ಇದನ್ನು ಬಿಡಬಾರದು. ಮೂರು ವರ್ಷಕ್ಕೆ ಆ ಹಣ ಪುಸ್ತಕ, ಬಸ್ಸು, ಪರೀಕ್ಷಾ ಶುಲ್ಕ ಎಲ್ಲಕ್ಕೂ ಆಗುತ್ತದೆ.

ಸೀಟು ಸಿಕ್ಕಿದ ಕೂಡಲೇ ಎರಡು ಕಾಗದಗಳ ಬೆನ್ನು ಹತ್ತಬೇಕು. ಒಂದು, ತಮ್ಮ ಬೋರ್ಡಿನಿಂದ ಮೈಗ್ರೇಷನ್ ಸರ್ಟಿಫಿಕೇಟ್. ಎರಡು, ಮದರಾಸು ವಿಶ್ವವಿದ್ಯಾಲಯದಿಂದ ಎಲಿಜಿಬಿಲಿಟಿ ಸರ್ಟಿಫಿಕೇಟ್. ಕರ್ನಾಟಕದ ಪಿಯುಸಿಯೋ ಕೇರಳದ ಹೈಯರ್ ಸೆಕೆಂಡರಿಯೋ ತಮಿಳುನಾಡಿನ ಹನ್ನೆರಡನೆಯ ತರಗತಿಗೆ ಸಮ ಎಂದು ವಿಶ್ವವಿದ್ಯಾಲಯ ಒಪ್ಪಿದ್ದಕ್ಕೆ ಎರಡನೆಯದು ಸಾಕ್ಷಿ. ಇದಿಲ್ಲದೆ ತರಗತಿಯಲ್ಲಿ ಕೂರಿಸಿಕೊಂಡರೂ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಹೆಸರು ಗಟ್ಟಿಯಾಗುವುದಿಲ್ಲ, ಮುಂದೆ ಪದವಿ ಪತ್ರದ ಹೊತ್ತಿಗೆ ಅಲೆದಾಟ ಶುರುವಾಗುತ್ತದೆ. ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಮುಗಿಸಿಬಿಡಿ.

ಇನ್ನು ಓದಿನ ಒಳಗಣ ರಚನೆ. ತಮಿಳುನಾಡಿನ ಪದವಿಯನ್ನು ಐದು ಭಾಗಗಳಾಗಿ ಹಂಚಿದ್ದಾರೆ, ಎಲ್ಲರೂ ‘ಪಾರ್ಟ್ ಒನ್, ಪಾರ್ಟ್ ಟೂ’ ಎಂದೇ ಕರೆಯುತ್ತಾರೆ. ಒಂದನೆಯದು ಭಾಷೆ. ಎರಡನೆಯದು ಇಂಗ್ಲಿಷ್. ಮೂರನೆಯದರಲ್ಲಿ ಮುಖ್ಯ ವಿಷಯ, ಅದಕ್ಕೆ ಪೂರಕವಾದ ಅಲೈಡ್ ಪತ್ರಿಕೆಗಳು, ಐಚ್ಛಿಕಗಳು. ನಾಲ್ಕನೆಯದರಲ್ಲಿ ಪರಿಸರ ಅಧ್ಯಯನ, ಮೌಲ್ಯ ಶಿಕ್ಷಣ, ಸಾಫ್ಟ್ ಸ್ಕಿಲ್ಸ್ ಇತ್ಯಾದಿ. ಐದನೆಯದು ತರಗತಿಯ ಹೊರಗಿನದು: ಎನ್ಎಸ್ಎಸ್, ಎನ್‌ಸಿಸಿ, ಕ್ರೀಡೆ ಮುಂತಾದವು. ಪದವಿ ಕೈಗೆ ಬರಬೇಕಾದರೆ ಒಟ್ಟು 140 ಕ್ರೆಡಿಟ್‌ಗಳು, ಐದೂ ಭಾಗಗಳಿಂದ ಕೂಡಿ, ತುಂಬಬೇಕು.

ಕನ್ನಡದ ವಿದ್ಯಾರ್ಥಿ ಮನಸ್ಸಿಟ್ಟು ನೋಡಬೇಕಾದದ್ದು ಒಂದನೆಯ ಮತ್ತು ನಾಲ್ಕನೆಯ ಭಾಗಗಳನ್ನು. ಪಾರ್ಟ್ ಒನ್‌ನಲ್ಲಿ ತಮಿಳೇ ಆಗಬೇಕೆಂದಿಲ್ಲ. ವಿಶ್ವವಿದ್ಯಾಲಯ ಒಪ್ಪಿದ ಭಾಷೆಗಳ ಪಟ್ಟಿಯಲ್ಲಿ ತೆಲುಗು, ಮಲಯಾಳಂ, ಹಿಂದಿ, ಸಂಸ್ಕೃತ, ಉರ್ದು, ಫ್ರೆಂಚ್‌ಗಳ ಜೊತೆ ಕನ್ನಡವೂ ಇದೆ. ಆದರೆ ಪಟ್ಟಿಯಲ್ಲಿರುವ ಭಾಷೆಯನ್ನೆಲ್ಲ ಪ್ರತಿ ಕಾಲೇಜೂ ಕಲಿಸುವುದಿಲ್ಲ. ಕನ್ನಡ ಬೇಕೆನ್ನುವವರು ಅರ್ಜಿ ಹಾಕುವ ಮೊದಲೇ ಕಾಲೇಜಿಗೆ ಬರೆದು ಕೇಳಬೇಕು: ಅಧ್ಯಾಪಕರಿದ್ದಾರೆಯೇ, ತರಗತಿ ನಡೆಯುತ್ತದೆಯೇ? ನನ್ನ ಮಟ್ಟಿಗೆ, ಕೇಳುವವರು ಕಡಿಮೆಯಾದ್ದರಿಂದಲೇ ಊರಾಚೆ ಕನ್ನಡದ ತರಗತಿಗಳು ಮುಚ್ಚುತ್ತಿವೆ. ಸಿಗದಿದ್ದರೂ ಕೇಳಿದ ಪತ್ರ ಒಂದು ಕಡತದಲ್ಲಿ ಉಳಿಯಲಿ.

ಹನ್ನೆರಡನೆಯ ತರಗತಿಯವರೆಗೆ ತಮಿಳು ಓದದೆ, ಪಾರ್ಟ್ ಒನ್‌ನಲ್ಲೂ ಬೇರೆ ಭಾಷೆ ತೆಗೆದುಕೊಂಡವರು ನಾಲ್ಕನೆಯ ಭಾಗದಲ್ಲಿ ‘ಬೇಸಿಕ್ ತಮಿಳು’ ಓದಲೇಬೇಕು. ಎರಡು ಪತ್ರಿಕೆ, ಮಟ್ಟ ಆರನೆಯ ತರಗತಿಯದು. ಅಕ್ಷರ, ಸರಳ ವಾಕ್ಯ, ಸಣ್ಣ ಪಾಠ. ಶಾಲೆಯಲ್ಲಿ ತಮಿಳು ಓದಿಯೂ ಪಾರ್ಟ್ ಒನ್‌ನಲ್ಲಿ ಬೇರೆ ಭಾಷೆ ಆರಿಸಿಕೊಂಡವರಿಗೆ, ಅಂದರೆ ಹೊಸೂರಿನ ಕೆಲವು ಮಕ್ಕಳಿಗೆ, ಅದರ ಬದಲು ‘ಅಡ್ವಾನ್ಸ್ಡ್ ತಮಿಳು’. ಈ ಪತ್ರಿಕೆಗಳು ಮುಖ್ಯ ವಿಷಯದ ಶ್ರೇಣಿಗೆ ಸೇರುವುದಿಲ್ಲ, ಫಸ್ಟ್ ಕ್ಲಾಸ್ ಬರುವುದಕ್ಕೂ ತಪ್ಪುವುದಕ್ಕೂ ಕಾರಣವಾಗುವುದಿಲ್ಲ. ಹಾಗೆಂದೇ ಉದಾಸೀನ. ಪಾಸಾಗದಿದ್ದರೆ ಪದವಿ ಮಾತ್ರ ನಿಲ್ಲುತ್ತದೆ. ಮುಖ್ಯ ವಿಷಯದಲ್ಲಿ ಡಿಸ್ಟಿಂಕ್ಷನ್ ಪಡೆದವರನ್ನೂ ಬೇಸಿಕ್ ತಮಿಳು ಒಂದೇ ಹಿಡಿದು ನಿಲ್ಲಿಸಬಲ್ಲದು.

ಕನ್ನಡ ಬಲ್ಲವರಿಗೆ ತಮಿಳು ಹತ್ತಿರದ ಭಾಷೆ. ಮಾತು ಒಂದು ಚಳಿಗಾಲದಲ್ಲಿ ಬಂದೇಬಿಡುತ್ತದೆ. ಲಿಪಿಗೆ ಮಾತ್ರ ಕುಳಿತು ಕೈ ಪಳಗಿಸಬೇಕು, ಏಕೆಂದರೆ ಕ-ಗ, ತ-ದ, ಪ-ಬಗಳಿಗೆ ಅಲ್ಲಿ ಒಂದೊಂದೇ ಅಕ್ಷರ. ಓದುವಾಗ ಸಂದರ್ಭ ನೋಡಿ ಉಚ್ಚರಿಸಬೇಕು. ಜೂನ್ ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆ ಇಟ್ಟರೆ ಆಗಸ್ಟಿನೊಳಗೆ ಬಸ್ಸಿನ ಬೋರ್ಡು ಓದಬಹುದು, ನವೆಂಬರಿನ ಪರೀಕ್ಷೆ ತಾನಾಗಿ ದಾಟುತ್ತದೆ. ಈ ಪತ್ರಿಕೆಯನ್ನು ಹೊರೆ ಎಂದು ತಿಳಿಯುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೂರು ವರ್ಷ ಬಾಳುವ ಊರಿನ ಭಾಷೆಯನ್ನು ಕಾಲೇಜೇ ಕಲಿಸುತ್ತದೆ ಎಂದರೆ ಅದಕ್ಕಿಂತ ಲಾಭ ಯಾವುದು?

ಮೌಲ್ಯಮಾಪನ ಹೀಗೆ. ಸ್ವಾಯತ್ತವಲ್ಲದ ಕಾಲೇಜುಗಳಲ್ಲಿ ಪ್ರತಿ ಪತ್ರಿಕೆಗೆ ಆಂತರಿಕ 25, ಸೆಮಿಸ್ಟರ್ ಪರೀಕ್ಷೆ 75. ಸ್ವಾಯತ್ತ ಕಾಲೇಜುಗಳಲ್ಲಿ ಆಂತರಿಕದ ಪಾಲು ಇದಕ್ಕಿಂತ ಹೆಚ್ಚಿರುವುದುಂಟು. ಪಾಸಾಗಲು ಪದವಿಯಲ್ಲಿ ಶೇ. 40, ಸ್ನಾತಕೋತ್ತರದಲ್ಲಿ ಶೇ. 50 ಬೇಕು. ಒಟ್ಟು ಅಂಕದಲ್ಲಿ ಮಾತ್ರವಲ್ಲ, ಸೆಮಿಸ್ಟರ್ ಪರೀಕ್ಷೆಯೊಂದರಲ್ಲೇ ಪ್ರತ್ಯೇಕವಾಗಿಯೂ ಆ ಕನಿಷ್ಠ ಮುಟ್ಟಬೇಕು; ಆಂತರಿಕದ ಅಂಕ ಕೂಡಿಸಿಕೊಂಡು ದಾಟುತ್ತೇನೆ ಎಂಬ ಲೆಕ್ಕ ನಡೆಯುವುದಿಲ್ಲ. ಉಳಿದ ಪತ್ರಿಕೆಗೆ ನಮ್ಮಲ್ಲಿ ‘ಬ್ಯಾಕ್’ ಎಂದರೆ ಅಲ್ಲಿ ‘ಅರಿಯರ್’. ಅರಿಯರ್ ಇದ್ದರೂ ಮುಂದಿನ ಸೆಮಿಸ್ಟರಿಗೆ ಹೋಗಬಹುದು. ಹಾಗಾಗಿ ಅವು ಒಂದರ ಮೇಲೊಂದು ಕೂಡುತ್ತ ಹೋಗುವ ಅಪಾಯವೂ ಇದೆ. ಒಂದು ಸಲಹೆ: ಅರಿಯರ್ ಬಂದರೆ ಅದನ್ನು ಮರುಸಲದ ಪರೀಕ್ಷೆಯಲ್ಲೇ ಮುಗಿಸಬೇಕು. ಪಠ್ಯಕ್ರಮ ಬದಲಾದರೆ ಹಳೆಯ ಪಠ್ಯದ ಪ್ರಶ್ನೆಪತ್ರಿಕೆ ಕೆಲವೇ ಕಾಲ ಸಿಗುತ್ತದೆ. ಕಡೆಯ ಸೆಮಿಸ್ಟರಿನಲ್ಲಿ ಒಂದೇ ಪತ್ರಿಕೆ ಉಳಿದವರಿಗೆ ಬೇಗನೆ ಪೂರಕ ಪರೀಕ್ಷೆ ನಡೆಸುವ ಪದ್ಧತಿ ವಿಶ್ವವಿದ್ಯಾಲಯದಲ್ಲಿದೆ. ಅದರ ಪ್ರಕಟಣೆಯ ಮೇಲೆ ಕಣ್ಣಿಡಬೇಕು.

ಹಾಜರಾತಿ ಶೇ. 75. ಶೇ. 65ರವರೆಗೆ ಇಳಿದಿದ್ದರೆ ಕಾರಣ ತೋರಿಸಿ ಶುಲ್ಕ ಕಟ್ಟಿ ಕ್ಷಮೆ ಪಡೆಯಬಹುದು. ಅದಕ್ಕೂ ಕೆಳಗಿದ್ದು 50ಕ್ಕೆ ಮೇಲಿದ್ದರೆ ಆ ಸಲ ಪರೀಕ್ಷೆ ಬರೆಯುವಂತಿಲ್ಲ, ಮುಂದಿನ ಸಲ ಬರೆಯಬೇಕು. 50ಕ್ಕಿಂತ ಕಡಿಮೆಯಾದರೆ ಸೆಮಿಸ್ಟರನ್ನೇ ಮತ್ತೆ ಓದಬೇಕು. ಊರು ದೂರವಿರುವ ಮಕ್ಕಳಿಗೆ ಇದು ಕಠಿಣವಾಗಿ ತಟ್ಟುತ್ತದೆ. ದಸರೆಗೆ ಮೈಸೂರಿಗೆ, ದೀಪಾವಳಿಗೆ ಮಂಗಳೂರಿಗೆ, ಮಧ್ಯೆ ಅಕ್ಕನ ಮದುವೆಗೆ ಎಂದು ಎರಡೆರಡು ದಿನ ಹೆಚ್ಚು ಉಳಿದರೆ ನವೆಂಬರಿನ ಹೊತ್ತಿಗೆ ಲೆಕ್ಕ ಕೆಳಗೆ ಹೋಗಿರುತ್ತದೆ. ಇನ್ನೊಂದು ಗೊಂದಲ ‘ಡೇ ಆರ್ಡರ್’ನದು. ಚೆನ್ನೈನ ಬಹಳ ಕಾಲೇಜುಗಳಲ್ಲಿ ವೇಳಾಪಟ್ಟಿ ಸೋಮವಾರ, ಮಂಗಳವಾರ ಎಂದು ಓಡುವುದಿಲ್ಲ; ಒಂದರಿಂದ ಆರರವರೆಗಿನ ದಿನದ ಕ್ರಮಸಂಖ್ಯೆಯ ಮೇಲೆ ಓಡುತ್ತದೆ. ನಡುವೆ ರಜೆ ಬಂದರೆ ಮೂರನೆಯ ಡೇ ಆರ್ಡರ್ ಮರುದಿನಕ್ಕೆ ಹೋಗುತ್ತದೆ, ಯಾವ ವಿಷಯದ ತರಗತಿಯೂ ತಪ್ಪುವುದಿಲ್ಲ. ಒಳ್ಳೆಯ ಪದ್ಧತಿ. ಆದರೆ ‘ಶುಕ್ರವಾರ ಒಂದೇ ತರಗತಿ ಇರುವುದು’ ಎಂದು ನಂಬಿ ಗುರುವಾರ ರಾತ್ರಿಯೇ ಬೆಂಗಳೂರಿನ ರೈಲು ಹತ್ತಲಾಗುವುದಿಲ್ಲ.

ಬೆಸ ಸೆಮಿಸ್ಟರಿನ ಪರೀಕ್ಷೆ ನವೆಂಬರಿನ ಸುಮಾರಿಗೆ ಬರುತ್ತದೆ. ಚೆನ್ನೈನಲ್ಲಿ ಅದು ಹಿಂಗಾರು ಮಳೆಯ ಕಾಲ. ನಮ್ಮಲ್ಲಿ ಜೂನ್–ಜುಲೈ ಮಳೆಯ ತಿಂಗಳಾದರೆ ಅಲ್ಲಿ ಅಕ್ಟೋಬರಿನಿಂದ ಡಿಸೆಂಬರ್. 2015ರ ಡಿಸೆಂಬರಿನ ಪ್ರವಾಹದಲ್ಲಿ ಅಡ್ಯಾರ್ ನದಿ ಉಕ್ಕಿ ಪಶ್ಚಿಮ ತಾಂಬರಂನ ಮುಡಿಚೂರು ಸುತ್ತಿನ ಬಡಾವಣೆಗಳು ಮುಳುಗಿದವು, ಪರೀಕ್ಷೆಗಳು ಮುಂದಕ್ಕೆ ಹೋದವು. 2023ರ ಡಿಸೆಂಬರಿನಲ್ಲಿ ಮಿಚೌಂಗ್ ಚಂಡಮಾರುತದಲ್ಲೂ ನಗರ ನಿಂತಿತು. ಹೊರಗೆ ಕೋಣೆ ಹಿಡಿಯುವವರು ಬಾಡಿಗೆ ಎಷ್ಟು ಎಂದು ಕೇಳುವ ಮೊದಲು, 2015ರಲ್ಲಿ ಈ ಬೀದಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿ. ಮನೆಯವರು ಹೇಳದಿದ್ದರೆ ಬೀದಿ ಮೂಲೆಯ ಅಂಗಡಿಯವರು ಹೇಳುತ್ತಾರೆ. ತಮಿಳುನಾಡಿನ ಬಾಡಿಗೆ ಕಾಯಿದೆಯಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯನ್ನು ಮೀರಬಾರದು. ಬೆಂಗಳೂರಿನ ಅಭ್ಯಾಸದಲ್ಲಿ ಹತ್ತು ತಿಂಗಳಿನದನ್ನು ತಂದು ಕೊಡಬೇಕಿಲ್ಲ.

ಆದರೂ ಆಗುವುದಾದರೆ ಆವರಣದೊಳಗೇ ಇರುವುದು ಒಳ್ಳೆಯದು. ಕ್ರಿಶ್ಚಿಯನ್ ಕಾಲೇಜಿನ ಹಾಸ್ಟೆಲುಗಳನ್ನು ಹಾಸ್ಟೆಲ್ ಎನ್ನುವುದಿಲ್ಲ, ಹಾಲ್ ಎನ್ನುತ್ತಾರೆ. ಹುಡುಗರಿಗೆ ಸೆಲೈಯೂರ್, ಸೇಂಟ್ ಥಾಮಸ್, ಬಿಷಪ್ ಹೀಬರ್. ಹುಡುಗಿಯರಿಗೆ ಮಾರ್ಗರೆಟ್, ಮಾರ್ಟಿನ್, ಬಾರ್ನ್ಸ್. ಒಂದೊಂದು ಹಾಲ್‌ಗೂ ತನ್ನದೇ ಹೆಮ್ಮೆ, ತನ್ನದೇ ತಂಡ. ಹಾಲ್‌ಗಳ ನಡುವಿನ ಸ್ಪರ್ಧೆಗಳು, ‘ಡೀಪ್‌ವುಡ್ಸ್’ ಎಂಬ ಕಾಲೇಜಿನ ಸಾಂಸ್ಕೃತಿಕ ಹಬ್ಬ, ಇವುಗಳಲ್ಲಿ ಮಣಿಪುರದ ಹುಡುಗ, ಕೇರಳದ ಹುಡುಗಿ, ಮದುರೆಯವರು, ನಮ್ಮವರು ಒಟ್ಟಿಗೆ ಬೆರೆಯುತ್ತಾರೆ. ಮೊದಲ ತಿಂಗಳಲ್ಲಿ ಮೆಸ್ಸಿನ ಸಾಂಬಾರು ಸಪ್ಪೆ ಎನಿಸುತ್ತದೆ, ಬೆಲ್ಲದ ರುಚಿ ನಾಲಿಗೆಗೆ ನೆನಪಾಗುತ್ತದೆ. ಪೊಂಗಲ್ ಮತ್ತು ರಸ ಆ ಕೊರತೆಯನ್ನು ಬೇಗ ನೀಗಿಸುತ್ತವೆ. ಹಾಲ್‌ನಲ್ಲಿ ಜಾಗ ಸೀಟಿನ ಜೊತೆ ತಾನಾಗಿ ಬರುವುದಿಲ್ಲ. ಪ್ರತ್ಯೇಕ ಅರ್ಜಿ ಕೊಡಬೇಕು, ಅದೂ ಬೇಗ.

ತಾಂಬರಂನ ದೊಡ್ಡ ಅನುಕೂಲ ರೈಲು. ಚೆನ್ನೈ ಬೀಚ್‌ನಿಂದ ತಾಂಬರಂವರೆಗಿನ 29 ಕಿಲೋಮೀಟರಿನಲ್ಲಿ ವಿದ್ಯುತ್ ರೈಲು ಓಡತೊಡಗಿದ್ದು 1931ರಲ್ಲಿ. ಕಾಲೇಜು ಇಷ್ಟು ದೂರ ಬಂದು ನೆಲೆಸಲು ಧೈರ್ಯ ಮಾಡಿದ್ದರಲ್ಲಿ ಆ ರೈಲಿನ ಪಾಲೂ ಇರಬೇಕು ಎಂದು ನನಗನ್ನಿಸುತ್ತದೆ. ಬೆಂಗಳೂರಿನಿಂದ ಬರುವವರು ಸೆಂಟ್ರಲ್‌ನಲ್ಲಿ ಇಳಿದು, ಎದುರಿನ ಪಾರ್ಕ್ ನಿಲ್ದಾಣದಿಂದ ಲೋಕಲ್ ಹಿಡಿದರೆ ಸಾಕು. ತಿರುಚ್ಚಿ ಮಾರ್ಗದ ಮಂಗಳೂರು ಎಕ್ಸ್‌ಪ್ರೆಸ್ ತಾಂಬರಂ ಮೂಲಕವೇ ಹೋಗುವುದರಿಂದ ಕಾಸರಗೋಡು, ಮಂಗಳೂರಿನವರಿಗೆ ನಗರದೊಳಗೆ ಹೋಗುವ ಕೆಲಸವೇ ಇಲ್ಲ. ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಎರಡನೆಯ ದರ್ಜೆ ಮತ್ತು ಸ್ಲೀಪರ್‌ನಲ್ಲಿ ರೈಲ್ವೆ ಅರ್ಧ ದರದ ರಿಯಾಯಿತಿ ಕೊಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮುಕ್ಕಾಲು. ಕಾಲೇಜಿನಿಂದ ರಿಯಾಯಿತಿ ಫಾರಂ ಪಡೆದು ಕೌಂಟರಿನಲ್ಲಿ ಕೊಡಬೇಕು, ಆದ್ದರಿಂದ ರಜೆಗೆ ಸಾಕಷ್ಟು ಮೊದಲೇ ಕಚೇರಿಯಲ್ಲಿ ಕೇಳಿ. ನಗರದಲ್ಲಿ ಬಂಧುಗಳ ಮನೆಯಲ್ಲಿದ್ದು ಲೋಕಲ್‌ನಲ್ಲಿ ಓಡಾಡುವವರಿಗೆ ವಿದ್ಯಾರ್ಥಿ ಸೀಸನ್ ಟಿಕೆಟ್ ಇದೆ. ಪದವಿಯವರೆಗೆ ಓದುವ ಹುಡುಗಿಯರಿಗೆ ಎರಡನೆಯ ದರ್ಜೆಯ ಮಾಸಿಕ ಸೀಸನ್ ಉಚಿತ, ಮನೆ–ಕಾಲೇಜಿನ ನಡುವೆ. ಇದನ್ನು ತಿಳಿಯದೆ ಹಣ ಕೊಡುವವರೇ ಹೆಚ್ಚು.

ಇದೇ ಸಾಲಿನಲ್ಲಿ ಎಗ್ಮೋರ್ ಇದೆ, ಅಲ್ಲಿ 1896ರಿಂದಿರುವ ಕನ್ನೆಮರಾ ಗ್ರಂಥಾಲಯ. ದೇಶದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಕಾನೂನಿನಂತೆ ಸೇರಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಇದೊಂದು, ಆದ್ದರಿಂದ ಕನ್ನಡ ಪುಸ್ತಕಗಳೂ ಅಲ್ಲಿಗೆ ಬರುತ್ತವೆ. ಮಾಂಬಲಂನಲ್ಲಿ ಇಳಿದರೆ ತ್ಯಾಗರಾಯನಗರದ ಕರ್ನಾಟಕ ಸಂಘ ದೂರವಿಲ್ಲ. ವಿಶ್ವವಿದ್ಯಾಲಯದ ಮರೀನಾ ಆವರಣದಲ್ಲಿ ಕನ್ನಡ ವಿಭಾಗವಿದೆ; ತುಳು–ಇಂಗ್ಲಿಷ್ ನಿಘಂಟಿನ ಮರಿಯಪ್ಪ ಭಟ್ಟರು ಪಾಠ ಹೇಳಿದ ವಿಭಾಗ ಅದು. ಬಿ.ಎ. ಮುಗಿಸಿ ಕನ್ನಡದಲ್ಲೋ ಭಾಷಾಶಾಸ್ತ್ರದಲ್ಲೋ ಮುಂದುವರಿಯುವ ಮನಸ್ಸಿದ್ದವರು ಮೂರನೆಯ ವರ್ಷದಲ್ಲೇ ಒಮ್ಮೆ ಹೋಗಿ ಅಧ್ಯಾಪಕರನ್ನು ಕಂಡು ಬರಬೇಕು.

ಕಡೆಯದಾಗಿ ಹೊರಡುವಾಗಿನ ಕಾಗದಗಳು. ಫಲಿತಾಂಶ ಬಂದ ಮೇಲೆ ಮೊದಲು ಸಿಗುವುದು ಅಂಕಪಟ್ಟಿ ಮತ್ತು ಪ್ರೊವಿಷನಲ್ ಸರ್ಟಿಫಿಕೇಟ್. ಘಟಿಕೋತ್ಸವದ ಪದವಿ ಪತ್ರ ಬರುವುದು ಅನೇಕ ತಿಂಗಳ ನಂತರ. ಮೈಸೂರಿನಲ್ಲೋ ಮಂಗಳಗಂಗೋತ್ರಿಯಲ್ಲೋ ಎಂ.ಎ., ಎಂ.ಎಸ್ಸಿ. ಸೇರುವವರಿಗೆ ಈಗ ಮದರಾಸು ವಿಶ್ವವಿದ್ಯಾಲಯದಿಂದ ಮೈಗ್ರೇಷನ್ ಬೇಕು, ಕಾಲೇಜಿನಿಂದ ವರ್ಗಾವಣೆ ಪತ್ರ ಬೇಕು. ಟಿ.ಸಿ. ಪಡೆಯಲು ಗ್ರಂಥಾಲಯ, ಪ್ರಯೋಗಾಲಯ, ಹಾಲ್, ಕ್ರೀಡಾ ವಿಭಾಗ ಎಲ್ಲ ಕಡೆ ಬಾಕಿ ಇಲ್ಲ ಎಂಬ ಸಹಿ ಆಗಬೇಕು. ಏಪ್ರಿಲಿನ ಕೊನೆಯ ಪರೀಕ್ಷೆ ಮುಗಿದ ದಿನವೇ ಎಲ್ಲರೂ ಊರಿಗೆ ಓಡುತ್ತಾರೆ. ಇನ್ನೂ ಎರಡು ದಿನ ಅಲ್ಲೇ ಇದ್ದು ಆ ಸಹಿಗಳನ್ನು ಮುಗಿಸಿ, ಪಾರ್ಟ್ ಫೈವ್‌ನ ಪ್ರಮಾಣಪತ್ರ ದಾಖಲಾಗಿದೆಯೇ ಎಂದು ಕಚೇರಿಯಲ್ಲಿ ನೋಡಿಕೊಂಡು ಹೊರಟರೆ, ಜೂನಿನಲ್ಲಿ ಒಂದು ಸಹಿಗಾಗಿ ಮತ್ತೆ ರೈಲು ಹತ್ತಬೇಕಾಗುವುದಿಲ್ಲ.